ಹಳದಿ ದೀಪದ ಸವತಿ

ನನ್ನ ಅತ್ತಿಗೆ ಸ್ವರ್ಣಲತಾ ಯಾರನ್ನು ಕಂಡೂ ಹೊಟ್ಟೆಕಿಚ್ಚು ಪಟ್ಟವಳಲ್ಲ. ಚಾಳಿನ ವಠಾರದಲ್ಲಿದ್ದಾಗ ಪಕ್ಕದ ಮನೆಗೆ ಫ್ರಿಜ್ ಬಂದರೆ ಅವರಿಗಿಂತ ಹೆಚ್ಚು ಸಂಭ್ರಮಪಟ್ಟು ಪಾಯಸ ಮಾಡಿ ಕೊಟ್ಟವಳು. ನಾನು ಬಳೆ ಮಾಡಿಸಿಕೊಂಡರೆ ನನ್ನ ಕೈ ಹಿಡಿದು ಕಟ್ಟಡಕ್ಕೆಲ್ಲ ತೋರಿಸಿ ಬಂದವಳು. ಅವಳ ಜಾಗದಲ್ಲಿ ನಾನಿದ್ದರೆ ಒಳಗೊಳಗೇ ಬೆಂದು ಬೂದಿಯಾಗುತ್ತಿದ್ದೆ. ನನ್ನ ಹೊಟ್ಟೆ ನನಗೆ ಗೊತ್ತಿಲ್ಲವೇ? ಅಂಥ ಅತ್ತಿಗೆಗೆ ಐವತ್ತು ದಾಟಿದ ಮೇಲೆ ಒಬ್ಬ ಸವತಿ ಬಂದಳು. ಬಿಳಿ ಬಣ್ಣ, ನಾಲ್ಕು ಚಕ್ರ, ಮೈತುಂಬ ದೀಪ.

ಗಾಡಿ ತಂದವನು ನನ್ನ ಅಣ್ಣ ಮುಂಡಪ್ಪ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದು ಮುಗಿಸಬಹುದಿತ್ತು. ಮಹಾಪೆಯ ಒಂದು ಕಾರ್ಖಾನೆಯ ಕ್ಯಾಂಟೀನನ್ನು ವರ್ಷಗಟ್ಟಲೆ ನಡೆಸಿದ. ಕುಡಿಯಲಿಲ್ಲ, ಇಸ್ಪೀಟಾಡಲಿಲ್ಲ, ಹೆಂಡತಿಗೆ ಕೈ ಎತ್ತಲಿಲ್ಲ. ಒಂದೇ ದೋಷ: ಹೆಂಡತಿ ಹೇಳಿದ್ದು ಅವನಿಗೆ ಕೇಳಿಸುವುದಿಲ್ಲ. ಕಿವಿ ಚೆನ್ನಾಗಿಯೇ ಇದೆ. ಕ್ಯಾಂಟೀನಿನಲ್ಲಿ ಒಲೆಯ ಸದ್ದು ಸ್ವಲ್ಪ ಬದಲಾದರೂ ದೂರದಿಂದಲೇ ಗುರುತಿಸುತ್ತಿದ್ದ. ಮನೆಯಲ್ಲಿ ಮಾತ್ರ ಎಲ್ಲದಕ್ಕೂ "ಹ್ಞೂಂ".

ಅತ್ತಿಗೆ ಕಾಪುವಿನಿಂದ ಮದುವೆಯಾಗಿ ಡೊಂಬಿವಲಿಗೆ ಬಂದಾಗ ನಾನು ಶಾಲೆಗೆ ಹೋಗುವ ಹುಡುಗಿ, ಅಣ್ಣನ ಜೊತೆಯಲ್ಲೇ ಇದ್ದೆ. ಚಾಳಿನ ಮೇಲಿನ ಮಾಳಿಗೆಯ ಒಂದು ಕೋಣೆ. ನಲ್ಲಿ ಕೆಳಗೆ. ಎರಡೂ ಕೈಯಲ್ಲಿ ಬಾಲ್ದಿ ಹಿಡಿದು ಅವಳು ಮೆಟ್ಟಿಲು ಹತ್ತುತ್ತಿದ್ದಳು. ಅಣ್ಣನ ಕ್ಯಾಂಟೀನಿಗೆ ಬೇಕಾದ ಚಪಾತಿಯೆಲ್ಲ ಮನೆಯಲ್ಲೇ. ನೆಲದ ಮೇಲೆ ಮಂಡಿಯೂರಿ ಕೂತು ಲಟ್ಟಿಸುತ್ತಿದ್ದಳು, ನಾನು ಬೇಯಿಸುತ್ತಿದ್ದೆ. ನನ್ನ ಮದುವೆ ಆ ಚಪಾತಿಯ ದುಡ್ಡಿನಲ್ಲೇ ಆಯಿತು, ಅವಳ ಮಗ ಅಕ್ಷಿತ್ ಇಂಜಿನಿಯರಾದದ್ದೂ ಆ ಚಪಾತಿಯಲ್ಲೇ. ಈಗ ಅವಳ ಮಂಡಿ ಹೋಗಿದೆ ಎಂದರೆ ಆಶ್ಚರ್ಯವೇನು?

ಹಾಗೆ ನೋಡಿದರೆ ಅವಳಿಗೆ ಎಲ್ಲವೂ ಕೇಳಿಸುತ್ತಿತ್ತು. ಅಣ್ಣ ಚಪ್ಪಲಿ ಬಿಡುವ ಸದ್ದಿನಲ್ಲೇ ಅವನಿಗೆ ತಲೆನೋವಿದೆಯೇ, ಹಸಿವಿದೆಯೇ ಎಂದು ತಿಳಿದು, ಕೇಳುವ ಮೊದಲೇ ಲೋಟ ಮುಂದಿಡುತ್ತಿದ್ದಳು. ಗಂಡನ ಹೆಸರು ಹಿಡಿದು ಕರೆಯುವ ಕ್ರಮ ನಮ್ಮಲ್ಲಿಲ್ಲ. "ಕೇಳಿತಾ?" ಎಂದು ಶುರು ಮಾಡುತ್ತಿದ್ದಳು. ಕೋಣನ ಮುಂದೆ ಕಿನ್ನರಿ.

ಅಣ್ಣ ಕ್ಯಾಂಟೀನು ಬಿಟ್ಟ ಮೇಲೆ ಡ್ರೈವಿಂಗ್ ಕಲಿತು ಗಾಡಿ ತೆಗೆದುಕೊಂಡ. ಪೂಜೆ ಟಿಟ್ವಾಳಾದ ಗಣಪತಿ ದೇವಸ್ಥಾನದ ಎದುರು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಯಿತು, ಕಾಯಿ ಒಡೆದಾಯಿತು. ಅಣ್ಣ ಅತ್ತಿಗೆಯ ಕೈಗೆ ಹರಿವಾಣ ಕೊಟ್ಟು, "ಆರತಿ ನೀನೇ ಎತ್ತು. ಮನೆಗೆ ಬರುವ ಲಕ್ಷ್ಮಿ" ಎಂದ. ಅವಳು ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ ಆರತಿ ಎತ್ತಿದಳು. ಸವತಿಗೆ ತಾನೇ ಆರತಿ ಎತ್ತಿ ಮನೆ ತುಂಬಿಸಿಕೊಂಡ ಹೆಂಗಸು ನಮ್ಮ ಕುಟುಂಬದಲ್ಲಿ ಇವಳೊಬ್ಬಳೇ.

ಆಮೇಲೆ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು.

"ಮೆಲ್ಲ! ಮೆಲ್ಲ ಮಾರಾಯ್ತಿ!" ಅಣ್ಣ ಬೊಬ್ಬೆ ಹೊಡೆದ.

ಅತ್ತಿಗೆಯ ಮುಖ ಇಷ್ಟಾಯಿತು. ಬಾಲ್ದಿ ಹೊತ್ತು ಮೆಟ್ಟಿಲು ಹತ್ತುವಾಗ, ಅಕ್ಷಿತ್ ಹೊಟ್ಟೆಯಲ್ಲಿದ್ದಾಗ ಸ್ಟೇಷನ್ನಿನ ಬ್ರಿಡ್ಜ್ ಹತ್ತುವಾಗ, ಅವಳಿಗೆ ಮೆಲ್ಲ ಎಂದವರು ಯಾರೂ ಇರಲಿಲ್ಲ. ಕಿಚ್ಚು ಹೊತ್ತಿದ್ದು ಅಲ್ಲೇ ಎಂದು ನನ್ನ ಲೆಕ್ಕ.

ಅಲ್ಲಿಂದ ಅಣ್ಣನ ದಿನಚರಿ ಬದಲಾಯಿತು. ಎದ್ದವನೇ ಗಾಡಿಯ ಹತ್ತಿರ. ಅದನ್ನು ಒರೆಸಲು ಮೆತ್ತನೆಯ ಬಟ್ಟೆಯೇ ಬೇಕಂತೆ. ಅತ್ತಿಗೆಯ ಹಳೆಯ ಕಾಟನ್ ಸೀರೆಯನ್ನೇ ಹರಿದ. ಶನಿವಾರ ಬಂದರೆ ಗಾಡಿಗೆ ನಿಂಬೆ ಮೆಣಸಿನಕಾಯಿ ಕಟ್ಟಿ ದೃಷ್ಟಿ ತೆಗೆಯುತ್ತಿದ್ದ. ಮದುವೆಯಾಗಿ ಬಂದಾಗ ಅತ್ತಿಗೆ ಎಷ್ಟು ಚಂದ ಇದ್ದಳು, ಅವಳಿಗೆ ಒಂದು ಚಿಟಿಕೆ ಉಪ್ಪು ನಿವಾಳಿಸಿದ್ದು ನಾನು ಕಂಡಿಲ್ಲ.

ಈ ಸವತಿಯ ಹತ್ತಿರ ಒಂದು ವಿದ್ಯೆಯಿತ್ತು. ಚಕ್ರದಲ್ಲಿ ಗಾಳಿ ಕಡಿಮೆಯಾದರೆ ತಾನೇ ಹೇಳುತ್ತಿತ್ತು. ಸ್ಟೇರಿಂಗಿನ ಹಿಂದೆ ಕುದುರೆ ಲಾಳದಂಥ ಹಳದಿ ದೀಪ ಹತ್ತುತ್ತದೆ, ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಒಂದು ಭಾನುವಾರ ಅಕ್ಷಿತ್ ಅಪ್ಪನನ್ನು ಕೂರಿಸಿಕೊಂಡು ಅದರ ಪಾಠ ಮಾಡಿದ. ಗಾಳಿ ಇಳಿದ ಚಕ್ರ ಸ್ವಲ್ಪ ಕುಗ್ಗಿ, ಉಳಿದವುಗಳಿಗಿಂತ ಬೇಗ ಬೇಗ ತಿರುಗುತ್ತದೆ. ಗಾಡಿ ಅದನ್ನು ಪತ್ತೆಹಚ್ಚಿ ದೀಪ ಹಚ್ಚುತ್ತದೆ. ಗಾಳಿ ತುಂಬಿಸಿ ಆದ ಮೇಲೆ ಒಂದು ಗುಂಡಿಯನ್ನು ಒತ್ತಿ ಹಿಡಿಯಬೇಕು.

"ಪಪ್ಪಾ, ಧ್ಯಾನ್ ಸೇ" ಎಂದ ಅಕ್ಷಿತ್. ಕನ್ನಡ ತುಳು ಎರಡೂ ತಿಳಿಯುತ್ತದೆ, ಬಾಯಿಗೆ ಬರುವುದು ಹಿಂದಿಯೇ. "ಹವಾ ಕಮ್ ಹೋ ತೋ ಯೇ ಬಟನ್ ಮತ್ ದಬಾನಾ. ಗಾಡಿ ಸಮ್ಝೇಗೀ ಯಹೀ ಸಹೀ ಹೈ, ಫಿರ್ ಚುಪ್ ಬೈಠೇಗೀ."

ಗಾಳಿ ಕಡಿಮೆ ಇರುವಾಗಲೇ ಗುಂಡಿ ಒತ್ತಿದರೆ, ಇಷ್ಟೇ ಇರಬೇಕಾದದ್ದು ಎಂದು ನಂಬಿ ಗಾಡಿ ಬಾಯಿ ಮುಚ್ಚಿಕೊಳ್ಳುತ್ತದೆ ಎಂದು ಅರ್ಥ. ಅಣ್ಣ ಪಾಠ ಕೇಳುವ ಮಗುವಿನ ಹಾಗೆ ತಲೆಯಾಡಿಸಿದ. ಹಿಂದಿನ ಸೀಟಿನಲ್ಲಿ ಅತ್ತಿಗೆ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದಳು. ಅವಳು ಅಲ್ಲಿರುವುದು ಇಬ್ಬರಿಗೂ ನೆನಪಿರಲಿಲ್ಲ.

ನವರಾತ್ರಿ ಹೊತ್ತಿಗೆ ಅತ್ತಿಗೆಯ ನೋವು ಜೋರಾಯಿತು. ನೆಲದಿಂದ ಏಳಬೇಕಾದರೆ ಕಪಾಟು ಹಿಡಿಯಬೇಕು. ಕಲ್ಯಾಣದಲ್ಲಿ ಮಂಡಿಯ ಡಾಕ್ಟರೊಬ್ಬರ ಹೆಸರು ನಾನೇ ಹೇಳಿದೆ. "ಕೇಳಿತಾ? ಡಾಕ್ಟರ ಹತ್ತಿರ ಒಮ್ಮೆ ಹೋಗುವನಾ?" ಎಂದು ಅವಳು ಶುರು ಮಾಡಿದವಳು, ದೀಪಾವಳಿ ಮುಗಿದ ಮೇಲೂ ಹೇಳುತ್ತಲೇ ಇದ್ದಳು. ಅಣ್ಣ ಹ್ಞೂಂ ಎನ್ನುತ್ತಲೇ ಇದ್ದ. ಕೊನೆಗೆ ನಾನು ಹೋಗಿ ಜಗಳ ತೆಗೆದೆ, ಡಾಕ್ಟರ ಅಪಾಯಿಂಟ್ಮೆಂಟ್ ಸಿಕ್ಕಿತು.

ಆ ದಿನ ಅವಳು ಇಸ್ತ್ರಿ ಮಾಡಿದ ಸೀರೆಯುಟ್ಟು ಹೊರಟಳು. ಗಾಡಿ ದೊಡ್ಡ ರಸ್ತೆಗೆ ಬಂತೋ ಇಲ್ಲವೋ, ಟಿಣ್ ಎಂದು ಹಳದಿ ದೀಪ. ಅಣ್ಣ ಅಲ್ಲೇ ಗಾಡಿ ತಿರುಗಿಸಿ, ಅವಳನ್ನು ಈಗಿನ ಫ್ಲ್ಯಾಟಿನ ಸೊಸೈಟಿಯ ಗೇಟಿನಲ್ಲಿ ಇಳಿಸಿದ. "ನೀನು ಇಲ್ಲೇ ಕೂತಿರು, ಈಗ ಬಂದೆ" ಎಂದು ಹೋದವನು ಪಂಪಿಗೆ ಹೋದ, ಪಂಕ್ಚರ್ ಅಂಗಡಿಗೆ ಹೋದ, ಅಲ್ಲಿಯೂ ಸಮಾಧಾನವಾಗದೆ ಸರ್ವಿಸ್ ಸೆಂಟರಿಗೂ ಹೋದ. ಊಟದ ಹೊತ್ತಿಗೆ ನಗುನಗುತ್ತಾ ಬಂದ.

"ಎಂತದೂ ಇಲ್ಲವಂತೆ! ಒಂದು ಚಕ್ರದಲ್ಲಿ ಸ್ವಲ್ಪ ಗಾಳಿ ಕಡಿಮೆ ಇತ್ತು, ಅಷ್ಟೆ. ಎಷ್ಟು ಹುಷಾರು ನೋಡು ಗಾಡಿ! ಸಣ್ಣದಿರುವಾಗಲೇ ಹೇಳಿಬಿಡುತ್ತದೆ."

ಅತ್ತಿಗೆ ವಾಚ್‌ಮನ್ನನ ಕುರ್ಚಿಯಲ್ಲೇ ಕೂತಿದ್ದಳು. ಡಾಕ್ಟರ ಹೊತ್ತು ಮುಗಿದಿತ್ತು. ಇನ್ನೊಂದು ದಿನ ಸಿಗಬೇಕಾದರೆ ಮತ್ತೆ ಕಾಯಬೇಕಿತ್ತು.

ಸಂಜೆ ನಾನು ಅವಳ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಾಗ ಅವಳು ಬಾಯಿಬಿಟ್ಟಳು. "ನನಗೆ ಹೊಟ್ಟೆ ಉರಿಯುತ್ತದೆ ವಿಮಲಾ. ಒಂದು ಹೆಂಗಸಿನ ಮೇಲಾದರೆ ನಾಲ್ಕು ಜನರ ಹತ್ತಿರ ಹೇಳಿ ಅಳಬಹುದಿತ್ತು. ತಗಡಿನ ಮೇಲೆ ಹೊಟ್ಟೆಕಿಚ್ಚು ಅಂತ ಯಾರ ಹತ್ತಿರ ಹೇಳುವುದು?"

"ನೀನೂ ಬೊಬ್ಬೆ ಹೊಡಿ ಅತ್ತಿಗೆ. ಹೊಡೆಯದಿದ್ದರೆ ಅವನಿಗೆ ಗೊತ್ತಾಗುವುದಿಲ್ಲ" ಎಂದೆ.

"ಅದು ಎಲ್ಲಿ ಬೊಬ್ಬೆ ಹೊಡೆಯುತ್ತದೆ? ಒಂದು ದೀಪ ಹಚ್ಚುತ್ತದೆ, ಅಷ್ಟೆ. ಇವರು ಬಿದ್ದು ಎದ್ದು ಓಡುತ್ತಾರೆ." ಇನ್ನೊಂದು ಮಂಡಿಯನ್ನು ನನ್ನ ಕಡೆಗೆ ಚಾಚಿ ಮತ್ತೆ ಹೇಳಿದಳು. "ನನ್ನ ಜೀವಮಾನದಲ್ಲಿ ಒಮ್ಮೆ ಹಾಗೆ ಓಡಿ ಬಂದಿದ್ದರೆ ಸಾಕಿತ್ತು."

ನನ್ನ ಅಣ್ಣನ ಮೇಲೆ ನನಗೆ ಬಂದ ಸಿಟ್ಟನ್ನು ಅವಳ ಮಂಡಿಯ ಮೇಲೆ ತೀರಿಸಿದೆ. ಪಾಪ, ಅಯ್ಯೋ ಎಂದಳು.

ಮತ್ತೆ ಡಾಕ್ಟರ ದಿನ ಬಂದಾಗ ಕಾವಲಿಗೆ ನಾನೂ ಹೊರಟೆ. ಹಿಂದಿನ ಸೀಟಿನಲ್ಲಿ ನಾನು, ಮುಂದೆ ಅಣ್ಣನ ಪಕ್ಕ ಅತ್ತಿಗೆ. ಅವಳ ಕೈಯಲ್ಲಿ ಎಕ್ಸ್‌ರೇ ಲಕೋಟೆ. ಕಲ್ಯಾಣದ ದಾರಿಯಲ್ಲಿ ಹೂವಿನ ತಳ್ಳುಗಾಡಿಯೊಂದು ಕಂಡಿತು. ಅಣ್ಣ ಹಿಂದಿನಿಂದ ಬರುವವರನ್ನು ನೋಡಿಕೊಂಡು ಬದಿಗೆ ತಂದು ನಿಲ್ಲಿಸುತ್ತಿದ್ದ. ಅದೇ ಹೊತ್ತಿಗೆ ಟಿಣ್ ಎಂದಿತು. ಹಿಂದಿನ ಟೆಂಪೋದ ಹಾರ್ನಿನಲ್ಲಿ ಅವನಿಗೆ ಕೇಳಿಸಲಿಲ್ಲ. ಇಂಜಿನ್ ಬಂದ್ ಮಾಡದೆಯೇ, "ಗಣಪತಿಗೆ ಹಾರ ಬಾಡಿದೆ" ಎನ್ನುತ್ತಾ ಇಳಿದ. ಗಾಡಿಯೊಳಗೆ ಅಂಟಿಸಿದ ಪುಟ್ಟ ಗಣಪತಿಗೆ ಸೇವಂತಿಗೆ ಹಾರವಂತೆ. ಪಕ್ಕದಲ್ಲಿ ಕೂತವಳ ತಲೆಯಲ್ಲಿ ಒಂದು ಎಸಳು ಹೂವಿಲ್ಲ.

ಅತ್ತಿಗೆ ಹಳದಿ ದೀಪವನ್ನೇ ನೋಡುತ್ತಿದ್ದಳು. ಅವಳ ಕತ್ತು ಕೆಂಪಾದದ್ದು ಹಿಂದಿನಿಂದ ನನಗೆ ಕಂಡಿತು. ಅಣ್ಣ ಬಂದು ದೀಪ ನೋಡಿದರೆ ಈ ಸಲವೂ ಡಾಕ್ಟರಿಲ್ಲ. ಅವಳು ಆ ಕಡೆಗೆ ಬಾಗಿ, ಸ್ಟೇರಿಂಗಿನ ಪಕ್ಕ ತಡಕಾಡಿ, ಏನನ್ನೋ ಒತ್ತಿ ಹಿಡಿದಳು. ದೀಪ ಮಿಣಮಿಣ ಎಂದು ಆರಿತು.

"ಮನಿಪಂದೆ ಕುಲ್ಲು" ಎಂದು ತುಳುವಿನಲ್ಲೇ ಗದರಿದಳು. ಸುಮ್ಮನೆ ಕೂತುಕೋ ಎಂದು.

ಗದರಿದ್ದು ನನಗೋ ಗಾಡಿಗೋ ಆಗ ತಿಳಿಯಲಿಲ್ಲ. ಅಣ್ಣ ಬಂದ, ಹಾರ ಹಾಕಿದ, ಕೈ ಮುಗಿದು ಹೊರಟ. ಅತ್ತಿಗೆ ಲಕೋಟೆಯನ್ನು ಎದೆಗೆ ಒತ್ತಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಗೆದ್ದವಳ ಮುಖ.

ಪತ್ರಿಪೂಲ್ ಸೇತುವೆ ಇನ್ನೇನು ಬರಬೇಕು ಎನ್ನುವಾಗ ಗಾಡಿ ಒಂದು ಕಡೆಗೆ ಎಳೆಯತೊಡಗಿತು. ದಬದಬ ಸದ್ದು. ಅಣ್ಣ ಹೇಗೋ ಬದಿಗೆ ತಂದು ನಿಲ್ಲಿಸಿದ. ಇಳಿದು ನೋಡಿದರೆ ಹಿಂದಿನ ಚಕ್ರ ನೆಲ ಕಚ್ಚಿದೆ, ಟೈರಿನ ಅಂಚು ಜಜ್ಜಿ ಹರಿದಿದೆ. ನಡುವೆ ಒಂದು ಮೊಳೆ.

ಅಣ್ಣ ಅದರ ಪಕ್ಕ ಕುಕ್ಕರುಗಾಲಿನಲ್ಲಿ ಕೂತ. ಟೈರು ಹೋದದ್ದಕ್ಕಿಂತ ಹೆಚ್ಚಿನ ದುಃಖ ಬೇರೆಯದಿತ್ತು. "ಹೇಳಲೇ ಇಲ್ಲವಲ್ಲ ಮಾರಾಯ್ತಿ ಇದು! ಅಷ್ಟು ಸಣ್ಣದನ್ನು ಹೇಳಿದ್ದು, ಇಷ್ಟು ದೊಡ್ಡದನ್ನು ಹೇಳಲಿಲ್ಲ."

"ಹೇಳಿತ್ತು" ಎಂದಳು ಅತ್ತಿಗೆ. "ನಾನೇ ಬಾಯಿ ಮುಚ್ಚಿಸಿದೆ. ನೀವು ಹೂ ತರಲಿಕ್ಕೆ ಹೋದಾಗ ಬಟನ್ ಒತ್ತಿದೆ."

ಅಣ್ಣ ಎದ್ದು ನಿಂತ. "ನಿನಗೆ ತಲೆ ಸರಿ ಉಂಟಾ? ಮೂರು ಜನ ಇದ್ದೇವೆ ಗಾಡಿಯಲ್ಲಿ! ಎಂತಾದರೂ ಆಗಿದ್ದರೆ?"

"ತಪ್ಪೇ. ಇಷ್ಟಾಗುತ್ತದೆ ಅಂತ ಗೊತ್ತಿರಲಿಲ್ಲ. ಆದರೆ ಅದು ಒಂದು ಸಲ ಹೇಳಿದರೆ ನೀವು ಓಡುತ್ತೀರಿ. ನಾನು ನವರಾತ್ರಿಯಿಂದ ಹೇಳುತ್ತಾ ಇದ್ದೇನೆ."

"ನೀನು ಹೇಳಿದ್ದು ಸ್ವಲ್ಪ ಕಾಲುನೋವು ಅಂತ. ಇಷ್ಟು ಉಂಟು ಅಂತ ನನಗೆ ಹೇಗೆ ಗೊತ್ತಾಗಬೇಕು?"

"ಹೇಗೆ ಗೊತ್ತಾಗುತ್ತದೆ? ನನ್ನ ಹಣೆಯಲ್ಲಿ ಹಳದಿ ದೀಪ ಇಲ್ಲ. ಕುಂಕುಮ ಮಾತ್ರ ಇರುವುದು."

ಅಷ್ಟು ಹೇಳಿ ಲಕೋಟೆ ಹಿಡಿದುಕೊಂಡು ರಸ್ತೆಯ ಕಡೆಗೆ ನಡೆದಳು. ಕುಂಟುತ್ತಿದ್ದಳು. ಅಣ್ಣ ಅವಳು ನಡೆಯುವುದನ್ನು ನೋಡಿದ. ಮನೆಯೊಳಗೆ ದಿನಾ ಅದೇ ನಡಿಗೆ, ಕಂಡದ್ದು ಮಾತ್ರ ಇವತ್ತು. ಆದರೂ ಅವನ ಕೈ ಡಿಕ್ಕಿ ತೆರೆದು ಸ್ಟೆಪ್ನಿಯ ಮೇಲೆ ಹೋಯಿತು. ಒಂದು ಕಣ್ಣು ಟೈರಿನ ಮೇಲೆ, ಒಂದು ಕಣ್ಣು ಹೆಂಡತಿಯ ಮೇಲೆ. ನನಗೆ ತಡೆಯಲಿಲ್ಲ.

"ಅಣ್ಣ, ಕೀ ಕೊಡು ಇಲ್ಲಿ. ನಿನ್ನ ಸ್ಟೆಪ್ನಿ ಎಲ್ಲಿಗೂ ಓಡಿಹೋಗುವುದಿಲ್ಲ. ಡಾಕ್ಟರು ಎದ್ದು ಹೋಗುತ್ತಾರೆ. ಅವಳು ಈಗ ಒಬ್ಬಳೇ ಹೋದರೆ ಇನ್ನು ಯಾವತ್ತೂ ನಿನ್ನನ್ನು ಕರೆಯುವುದಿಲ್ಲ, ನೆನಪಿಟ್ಟುಕೋ."

ಅತ್ತಿಗೆ ಅಷ್ಟರಲ್ಲಿ ರಿಕ್ಷಾ ನಿಲ್ಲಿಸಿದ್ದಳು. ಅಣ್ಣ ಕೀಯನ್ನು ನನ್ನ ಕೈಯಲ್ಲಿ ಹಾಕಿ ಓಡಿದ. ಹೌದು, ಓಡಿಯೇ ಹೋದ. ಅರವತ್ತು ದಾಟಿದ ಗಂಡಸು, ಚಪ್ಪಲಿ ಒಂದು ಕಾಲಿನಿಂದ ಜಾರಿತು. ರಿಕ್ಷಾದ ಮೆಟ್ಟಿಲಿಗೆ ಕಾಲೆತ್ತಲಾರದೆ ನಿಂತಿದ್ದ ಅವಳ ಮೊಣಕೈ ಹಿಡಿದ.

"ಮೆಲ್ಲ" ಎಂದ. "ಮೆಲ್ಲ ಮಾರಾಯ್ತಿ."

ಅತ್ತಿಗೆ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟುಕೊಂಡು ಅವನ ಮುಖ ನೋಡಿದಳು. ರಿಕ್ಷಾವಾಲ ಬೇಗ ಬೇಗ ಎಂದು ಗೊಣಗಿದ. ಅವಳಿಗೇನೂ ಅವಸರವಿರಲಿಲ್ಲ.

ರಸ್ತೆಯ ಬದಿಯ ಧೂಳಿನಲ್ಲಿ ಸವತಿಯ ಕಾವಲಿಗೆ ಉಳಿದವಳು ನಾನು. ನನ್ನ ಗಂಡ ರಮಾಕಾಂತರು ಮನೆಯಲ್ಲಿ ಮೊಬೈಲು ನೋಡುತ್ತಾ ಕೂತಿದ್ದರು. ಆಮೇಲೆ ಫೋನ್ ಮಾಡಿದರೆ, ಪಂಕ್ಚರಿನವನನ್ನು ಕರೆ ಎಂದು ಇಟ್ಟರು. ಯಾರಾದರೂ ನನ್ನ ಮೊಣಕೈ ಹಿಡಿದು ಮೆಲ್ಲ ಎಂದು ಎಷ್ಟು ವರ್ಷವಾಯಿತು? ಅತ್ತಿಗೆಯ ಮೇಲೆ ನನಗೆ ಆ ಗಳಿಗೆಯಲ್ಲಿ ಬಂದ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ.

ರಿಕ್ಷಾ ಹೊರಟಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅಣ್ಣನ ತಲೆ ಪಕ್ಕದಿಂದ ಹೊರಗೆ ಬಂತು. ಗಾಡಿಯನ್ನು ನೋಡುತ್ತಿದ್ದ. ಒಳಗಿನಿಂದ ಬಳೆ ತೊಟ್ಟ ಕೈಯೊಂದು ಬಂದು ಆ ತಲೆಯನ್ನು ಒಳಗೆ ಎಳೆದುಕೊಂಡಿತು.