ಶರಣಪ್ಪ ಕಾಕಾನ ಗೋಡೆ

ಕಾಕಾ ಯಾರ ಮನೆಗೆ ಹೋದರೂ ಒಳಗೆ ಕಾಲಿಡುವ ಮೊದಲು ಬಾಗಿಲ ಪಕ್ಕದ ಗೋಡೆಯನ್ನು ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟುತ್ತಿದ್ದ. ಬಾಗಿಲು ತೆರೆದೇ ಇದ್ದರೂ ಗೋಡೆಯನ್ನೇ ತಟ್ಟಬೇಕು. ತಟ್ಟಿ, ಕಿವಿಯಾನಿಸಿ, ತಲೆದೂಗಿ ಒಳಗೆ ಹೋಗುತ್ತಿದ್ದ. ಬೀಗರ ಮನೆಯಲ್ಲೂ ಇದೇ ಆಟ. "ಏನ್ ಕೇಳಾಕತ್ತೀರಿ ಮಾಸ್ತರ?" ಎಂದು ಯಾರಾದರೂ ಕೇಳಿದರೆ, "ಗ್ವಾಡಿಗೆ ಎರಡು ಮುಖ ಇರ್ತಾವ್ರಿ. ನೀವು ಸುಣ್ಣಾ ಒಂದಕ್ಕಽ ಹಚ್ಚಿರ್ತೀರಿ. ಇನ್ನೊಂದು ಏನಂತೈತಿ ಕೇಳಬೇಕಲ್ಲ?" ಅನ್ನುತ್ತಿದ್ದ. ಜನ ನಗುತ್ತಿದ್ದರು. ಡ್ರಾಯಿಂಗ್ ಮಾಸ್ತರನಾದವನಿಗೆ ತಲೆಯಲ್ಲಿ ಒಂದು ನಟ್ಟು ಸಡಿಲ ಇರುವುದು ಸಹಜ ಎಂದು ನಮ್ಮ ಕುಷ್ಟಗಿ ಒಪ್ಪಿಕೊಂಡುಬಿಟ್ಟಿತ್ತು.

ಶರಣಪ್ಪ ಕಾಕಾ ನನ್ನ ಅಪ್ಪನ ತಮ್ಮ. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದ. ಮದುವೆಯಾಗದೆ ನಮ್ಮ ಜೊತೆಗೇ ಉಳಿದ. ಅಂಗಿಯ ಜೇಬಿನಲ್ಲಿ ಸೀಮೆಸುಣ್ಣದ ಚೂರು, ಉಗುರಿನ ಸಂದಿಯಲ್ಲಿ ಬಣ್ಣ. ಮನೆಯ ಚಿತ್ರ ತೆಗೆಯಿರಿ ಅಂದರೆ ಹುಡುಗರೆಲ್ಲ ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕದಲ್ಲೊಂದು ತೆಂಗಿನ ಗಿಡ ತೆಗೆದು ತರುತ್ತಿದ್ದರು. ಕಾಕಾನಿಗೆ ಮೈಯೆಲ್ಲ ಉರಿ. "ಲೇ, ಕುಷ್ಟಗ್ಯಾಗ ನಿಮ್ಮಪ್ಪ ಯಾವ ತೆಂಗು ಹಚ್ಯಾನೋ? ಎಲ್ಲಾರೂ ಹೊರಗ ನಿಂತು ಮನಿ ತೆಗದೀರಿ. ಒಳಗ ಯಾರದಾರ? ನಿಮ್ಮವ್ವ ಎಲ್ಲಿ ಕುಂತಾಳ? ನಾಳೆ ಒಳಗಿಂದು ತೆಗದು ತರ್ರಿ!"

ನಾನೂ ಆ ಕ್ಲಾಸಿನಲ್ಲಿದ್ದೆ. ಮರುದಿನ ದೇವರ ಮಾಡ, ಒಲೆ, ರೊಟ್ಟಿ ಬಡಿಯುವ ಅವ್ವ, ಎಲ್ಲ ತೆಗೆದುಕೊಂಡು ಹೋದೆ. ಕಾಕಾ ಬಹಳ ಹೊತ್ತು ನೋಡಿ ನನಗೊಬ್ಬಳಿಗೇ ಕೇಳುವಂತೆ, "ಹಿಂದಿನ ಕೋಲಿ ಎಲ್ಲೈತಿ ಮಗಳ?" ಅಂದ. ನಾನು ತಲೆ ತಗ್ಗಿಸಿದೆ.

ಹಿಂದಿನ ಕೋಣೆಯಲ್ಲಿ ನೀಲತ್ತಿ ಇದ್ದಳು. ಅಪ್ಪ, ಕಾಕಾ ಇಬ್ಬರಿಗೂ ಒಬ್ಬಳೇ ತಂಗಿ. ಗಂಗಾವತಿಗೆ ಕೊಟ್ಟಿದ್ದರು. ವರ್ಷ ತುಂಬುವುದರೊಳಗೆ ಗಂಡ ಇನ್ನೊಬ್ಬಳನ್ನು ತಂದ, ಇವಳು ಒಂದು ಟ್ರಂಕು ಹಿಡಿದು ತಿರುಗಿ ಬಂದಳು. ದಿನಾ ಮನೆ ತುಂಬ ಓಡಾಡಿಕೊಂಡು ಕೆಲಸವೆಲ್ಲ ಮಾಡುತ್ತಿದ್ದಳು. ಆದರೆ ಹೊರಗಿನ ನೆಂಟರು ಬಂದರೆಂದರೆ ಅಪ್ಪ ಗಂಟಲು ಕೆರೆಯುತ್ತಿದ್ದ. ಅತ್ತಿ ಎದ್ದು ಹಿಂದಿನ ಕೋಣೆಗೆ ಹೋಗಬೇಕು, ಹೊರಗಿನಿಂದ ಚಿಲಕ ಹಾಕಬೇಕು. ಆ ಚಿಲಕ ನನ್ನ ಕೆಲಸ. ನೆಂಟರು ಕೇಳಿದರೆ ಹೇಳುವ ಮಾತನ್ನೂ ಅಪ್ಪ ಕಲಿಸಿದ್ದ: "ಗಂಗಾವತಿಯೊಳಗ ಗಂಡನ ಮನ್ಯಾಗ ಅದಾಳ, ಛಲೋ ಅದಾಳ ಅನ್ನು." ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದೆ. ಓಣಿಗೆಲ್ಲ ಸತ್ಯ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ ಅಷ್ಟೆ.

ತೊಂಬತ್ತೇಳರ ಬೇಸಿಗೆಯಲ್ಲಿ ಕಾಕಾ ಏನೋ ತರಬೇತಿಗೆಂದು ಬೆಂಗಳೂರಿಗೆ ಹೋದ. ಅಲ್ಲೊಂದು ಕಲಾಪ್ರದರ್ಶನ ನೋಡಿ ಬಂದವನಿಗೆ ವಾರವಿಡೀ ಅದೇ ಮಾತು. ಯಾರೋ ಕಲಾವಿದ ತನ್ನ ಮಂಚ, ದಿಂಬು, ಔಷಧಿ ಬಾಟಲಿ, ಎಲ್ಲ ತಂದು ನಡು ಹಾಲಿನಲ್ಲಿ ಇಟ್ಟಿದ್ದನಂತೆ. ಜನ ಸುತ್ತ ನಿಂತು ಸುಮ್ಮನೆ ನೋಡುತ್ತಿದ್ದರಂತೆ.

ಅಪ್ಪ ಎಲೆ ಅಡಿಕೆ ಉಗುಳಿ, "ಹಾಸಿಗಿ ನೋಡಾಕ ಬೆಂಗಳೂರಿಗೆ ಹೋಗಿದ್ದಿ? ನಮ್ಮನ್ಯಾಗ ಇದ್ದಿಲ್ಲೇನು?" ಅಂದ.

"ಅದಾವಣ್ಣಾ. ನಾವು ತೋರ್ಸಂಗಿಲ್ಲ, ಅಷ್ಟಽ."

ಎರಡು ವರ್ಷ ಕಳೆದು ನನಗೆ ಸಿದ್ದಾಪುರದ ಸಂಬಂಧ ಕೂಡಿಬಂತು. ದೀಪಾವಳಿ ಮುಗಿದ ಮೇಲೆ ಬೀಗರು ಮನೆ ನೋಡಲು ಬರುವವರಿದ್ದರು. ಅಪ್ಪನೇ ಕಾಕಾನನ್ನು ಕರೆದು, "ಬೀದಿ ಗ್ವಾಡಿಗೆ ಏನರೆ ಚಂದಂದು ತೆಗಿಯೋ ಶರಣ್ಯಾ. ಗಿಳಿನೋ, ನವಿಲೋ. ಬಂದವರು ನೋಡಿ ಹೌದನ್ನಬೇಕು" ಅಂದ. ಆಹಾ, ಹೇಳಿ ಹೇಳಿ ಯಾರಿಗೆ ಹೇಳಿದ!

ಮೂರು ದಿನ ಕಾಕಾ ಗೋಡೆಗೆ ತಾಡಪತ್ರಿ ಇಳಿಬಿಟ್ಟುಕೊಂಡು ಕೆಲಸ ಮಾಡಿದ. ಕೆಮ್ಮಣ್ಣು, ಹಳದಿ ಮಣ್ಣು, ದೀಪದ ಕಾಡಿಗೆ, ಇಷ್ಟೇ ಬಣ್ಣ. ನಾಲ್ಕನೇ ದಿನ ತಾಡಪತ್ರಿ ಕಿತ್ತು ಹಾಕಿದ. ಗಿಳಿಯೂ ಇಲ್ಲ, ನವಿಲೂ ಇಲ್ಲ. ನಮ್ಮ ಹಿಂದಿನ ಕೋಣೆ ಇದ್ದದ್ದು ಇದ್ದ ಹಾಗೆ ಬೀದಿಗೆ ಬಂದು ನಿಂತಿತ್ತು. ಒಳಗೆ ಆಳೆತ್ತರದ ನೀಲತ್ತಿ ಶೇಂಗಾ ಸುಲಿಯುತ್ತ ಕೂತಿದ್ದಳು. ಅಳುಮುಖವೇನಲ್ಲ, ಬರೀ ಕಾಯುವ ಮುಖ. ಚಿತ್ರದ ಅಂಚಿನಲ್ಲಿ ಮುಚ್ಚಿದ ಬಾಗಿಲು, ಅದರ ಚಿಲಕದ ಮೇಲೆ ಒಂದು ಕೈ. ಕೈಯಷ್ಟೇ, ಆಳಿಲ್ಲ. ಆ ಕೈಯಲ್ಲಿ ಮೂರು ಕಪ್ಪು ಬಳೆ, ನಡುವೆ ಒಂದು ಕೆಂಪು. ನನ್ನ ಬಳೆ ಒಡೆದಾಗ ಅವ್ವ ಸಿಕ್ಕ ಬಣ್ಣದ್ದು ತೊಡಿಸಿದ್ದಳು. ಕೈ ಸೆರಗಿನೊಳಗೆ ಎಳೆದುಕೊಂಡೆ. ಯಾರೂ ನನ್ನ ಕಡೆ ನೋಡಿರಲಿಲ್ಲ, ಆದರೂ ಎಳೆದುಕೊಂಡೆ.

ಓಣಿ ಕೂಡಿತು. ಎದುರುಮನೆಯ ಖಾಜಾಬಿ ಮಾತ್ರ ಬಾಯಿಬಿಟ್ಟು, "ಯವ್ವಾ, ಇಕಿ ನಮ್ಮ ನೀಲವ್ವ ಅಲ್ಲೇನ್ರಿ!" ಅಂದಳು.

"ಮನಿ ಮರ್ಯಾದಿ ಬೀದಿಗಿ ಹಾಕಿದ್ಯಲ್ಲೋ ಹಾಳಾದವನ!" ಅಪ್ಪ ಚಪ್ಪಲಿ ಕೈಗೆ ತೆಗೆದುಕೊಂಡಿದ್ದ.

"ಬೀದಿಗಿ ಹಾಕಿಲ್ಲಣ್ಣಾ, ಗ್ವಾಡಿಗಿ ಹಾಕೀನಿ. ಗ್ವಾಡಿ ನಮ್ದಽ ಐತಲ್ಲ?"

ಅಷ್ಟರಲ್ಲಿ ನೀಲತ್ತಿ ಹೊಸ್ತಿಲು ದಾಟಿ ಬೀದಿಗೆ ಬಂದಳು. ಸೆರಗು ಸರಿಮಾಡಿಕೊಂಡು ಗೋಡೆಯನ್ನು ಮೇಲಿನಿಂದ ಕೆಳಗೆ ನೋಡಿದಳು. "ಅಣ್ಣಾ, ಸೀರಿ ಬಣ್ಣ ತಪ್ಪೇತಿ ನೋಡು. ನಂದು ಹಸರದು" ಅಂದಳು. ಕಾಕಾ ನಕ್ಕ. ಆ ಮಧ್ಯಾಹ್ನ ಅತ್ತಿ ಕಟ್ಟೆಯ ಮೇಲೆ, ತನ್ನದೇ ಚಿತ್ರದ ಕೆಳಗೆ, ಖಾಜಾಬಿಯ ಜೊತೆ ಸಂಜೆಯವರೆಗೂ ಹರಟೆ ಹೊಡೆಯುತ್ತ ಕೂತಳು. ಅವಳು ಹಾಗೆ ನಗುವುದನ್ನು ನಾನು ಮೊದಲ ಸಲ ಕೇಳಿದ್ದೆ.

ಮರುದಿನ ಬೆಳಿಗ್ಗೆ ಸುಣ್ಣ ಕಲಸಿದವಳು ನಾನು. ಅಪ್ಪ ಹೇಳಲಿಲ್ಲ, ಅವ್ವ ಹೇಳಲಿಲ್ಲ. ನನಗೆ ಸಿದ್ದಾಪುರದ ಮನೆ ಬೇಕಿತ್ತು, ಆ ಹುಡುಗ ಬೇಕಿದ್ದ. ಅದಕ್ಕಿಂತ ಹೆಚ್ಚಾಗಿ ಆ ಕೈ ಕಾಣಬಾರದಿತ್ತು. ಮೊದಲು ಹಚ್ಚಿದ್ದು ಕೈಗೇ. ಕಾಕಾ ಕಟ್ಟೆಯ ಮೇಲೆ ಕೂತು ನೋಡಿದ. ತಡೆಯಲಿಲ್ಲ, ಬೈಯಲಿಲ್ಲ. ಎಷ್ಟು ಹಚ್ಚಿದರೂ ಚಿತ್ರ ಕಾಣುತ್ತಲೇ ಇತ್ತು. ನಾನು ಅಳುತ್ತ ತಿಕ್ಕುತ್ತಿದ್ದೆ.

"ಒಣಗಲಿ ತಡಿ ಮಗಳ," ಅಂದ ಕಾಕಾ. "ಸುಣ್ಣಾ ಹಸಿ ಇದ್ದಾಗ ಮುಚ್ಚಂಗಿಲ್ಲ, ಒಣಗಿದ ಮ್ಯಾಲೆ ಮುಚ್ಚತೈತಿ. ಮತ್ತ ನೀರು ಬಿತ್ತಂದ್ರ ಕಾಣ್ತೈತಿ, ಅದಕ್ಕ ನಾ ಏನೂ ಮಾಡಾಕ ಬರಂಗಿಲ್ಲ."

ಹೊತ್ತೇರುವುದರೊಳಗೆ ಗೋಡೆ ಬೆಳ್ಳಗಾಯಿತು. ನೀಲತ್ತಿ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ಬೀಗರು ಬಂದರು, ಉಪ್ಪಿಟ್ಟು ತಿಂದರು, ಹೌದೆಂದರು.

ಆಮೇಲೆ ಕಾಕಾ ಕ್ಲಾಸಿನಲ್ಲಿ ಗಡಿಗೆ, ಬಾಳೆಹಣ್ಣು ತೆಗೆಸಿಕೊಂಡು ಪಿಂಚಣಿಗೆ ಬಂದ. ತನ್ನದೆಂದು ಏನೂ ತೆಗೆಯಲಿಲ್ಲ. ಪ್ರತಿ ದೀಪಾವಳಿಗೆ ಬೀದಿ ಗೋಡೆಗೆ ಮಾತ್ರ ತಾನೇ ಸುಣ್ಣ ಹಚ್ಚುತ್ತಿದ್ದ, ಅದೂ ಮಜ್ಜಿಗೆಗಿಂತ ತೆಳ್ಳಗೆ. "ಮಳಿ ಬಂತಂದ್ರ ಸಾಕು, ಗ್ವಾಡ್ಯಾಗ ಎದ್ದು ಬರ್ತಾಳ" ಎಂದು ಅವ್ವ ಗೊಣಗುತ್ತಿದ್ದಳು. ಸಿದ್ದಾಪುರದ ನನ್ನ ಮನೆಗೂ ಕಾಕಾ ಎಷ್ಟೋ ಸಲ ಬಂದ. ಮಕ್ಕಳಿಗೆ ಪೇಡೆ ತಂದ, ಉಂಡ, ಹರಸಿದ. ನನ್ನ ಗೋಡೆಯನ್ನು ಒಮ್ಮೆಯೂ ತಟ್ಟಲಿಲ್ಲ. ನಾನು ಕೇಳಲೂ ಇಲ್ಲ. ಕೇಳುವ ಮುಖ ಎಲ್ಲಿತ್ತು?

ಹೋದ ವರ್ಷ ಕಾಕಾ ತೀರಿಕೊಂಡ. ನಾನು ಹೋಗುವಷ್ಟರಲ್ಲಿ ಮೈ ತೊಳೆದು, ವಿಭೂತಿ ಹಚ್ಚಿ, ಕಟ್ಟೆಯ ಮೇಲೆ ಅದೇ ಗೋಡೆಗೆ ಒರಗಿಸಿ ಕೂಡಿಸಿದ್ದರು. ಮೈ ತೊಳೆದ ನೀರು ಗೋಡೆಗೂ ಸಿಡಿದಿತ್ತು. ಕಾಕಾನ ಬಲಭುಜದ ಪಕ್ಕದಲ್ಲಿ ಚಿಲಕ, ಚಿಲಕದ ಮೇಲೆ ಕೈ, ನಡುವೆ ಒಂದು ಕೆಂಪು ಬಳೆ. ಕಾಲ ಬಳಿ ನೀಲತ್ತಿ ಕೂದಲು ಬಿಚ್ಚಿಕೊಂಡು, "ನನ್ನ ಹೊರಗ ತಂದವ್ರು ಯಾರೂ ಇದ್ದಿಲ್ಲೋ ಅಣ್ಣಾ, ನೀನೊಬ್ಬನಽ ತಂದಿದ್ದ್ಯೋ" ಎಂದು ಹಾಡಿ ಹಾಡಿ ಅಳುತ್ತಿದ್ದಳು.

ಆಗ ಹಿಟ್ನಾಳದವರ ಜೀಪು ಬಂತು. ನನ್ನ ಮಗಳನ್ನು ನೋಡಿಹೋಗಿದ್ದ ಬೀಗರು, ಮಣ್ಣಿಗೆಂದು ಬಂದಿದ್ದರು. ಈ ಸಲ ಗಂಟಲು ಕೆರೆಯಲು ಅಪ್ಪನೂ ಇರಲಿಲ್ಲ. ಅತ್ತಿಯನ್ನು ನೋಡಿದ್ದರೆ ಅವರು ಏನನ್ನುತ್ತಿದ್ದರೋ, ಬಹುಶಃ ಏನೂ ಅನ್ನುತ್ತಿರಲಿಲ್ಲ. ಆದರೂ ನಾನು ಬಗ್ಗಿ ಅವಳ ಕಿವಿಯಲ್ಲಿ, "ಅತ್ತಿ, ಒಂದೀಟು ಒಳಗ ನಡಿ" ಅಂದೆ.

ಅವಳ ಅಳು ನಿಂತಿತು. ನನ್ನನ್ನು ನೋಡಿದಳು. ಕಾಕಾನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು, ಎದ್ದು, ಹಿಂದಿನ ಕೋಣೆಗೆ ನಡೆದಳು. ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ.

"ಚಿಲಕಾ ಹಾಕವ್ವಾ," ಅಂದಳು ಒಳಗಿನಿಂದ. "ನೀನಽ ಹಾಕು. ನಿನ್ನ ಕೈಗಿ ರೂಢಿ ಐತಿ."

ಹಾಕಿದೆ. ಹೊರಗೆ ಬರುವಷ್ಟರಲ್ಲಿ ಬಿಸಿಲಿಗೆ ಗೋಡೆ ಒಣಗುತ್ತಿತ್ತು, ಬಳೆ ಆಗಲೇ ಕಾಣುತ್ತಿರಲಿಲ್ಲ. ಬೀಗಿತ್ತಿ ಕಾಕಾನ ಕೊರಳಿಗೆ ಹಾರ ಹಾಕಿ, ನನ್ನ ಪಕ್ಕ ಕೂತು, "ಮಾಸ್ತರಿಗೆ ಅಕ್ಕತಂಗೇರು ಯಾರೂ ಇಲ್ಲೇನ್ರಿ?" ಎಂದು ಕೇಳಿದಳು.

"ಒಬ್ಬಾಕಿ ತಂಗಿ ಅದಾಳ್ರಿ," ಅಂದೆ. "ಗಂಗಾವತಿಯೊಳಗ, ಗಂಡನ ಮನ್ಯಾಗ. ಛಲೋ ಅದಾಳ."