ಪೆಟ್ಟಿಗೆಯಲ್ಲಿಲ್ಲದ ಶ್ರುತಿ

ನನಗೆ ಸಂಗೀತ ಗೊತ್ತಿಲ್ಲ. ಇದು ವಿನಯಕ್ಕೆ ಹೇಳುವ ಮಾತಲ್ಲ. ಕುಕ್ಕರ್ ಕೂಗಿದ್ದಕ್ಕೂ ನಾದಸ್ವರಕ್ಕೂ ವ್ಯತ್ಯಾಸ ಹೇಳು ಅಂದರೆ ಒಂದು ಗಳಿಗೆ ಯೋಚಿಸುವ ಗಿರಾಕಿ ನಾನು. ಇಂಥವನು ಹಾಡಿನ ಫೈಲುಗಳನ್ನು ಪರೀಕ್ಷೆ ಮಾಡಲು ಹೊರಟೆ ಅಂದರೆ ಅದು ಕೊಬ್ಬು, ಬೇರೇನಲ್ಲ.

ಮಳವಳ್ಳಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುವುದು ನನ್ನ ಕೆಲಸ. ಪಾಠ ಮಾಡುವವರು ಬೇರೆ ಇದ್ದಾರೆ. ಇಲಿ ವೈರು ಕಡಿದಾಗ, ಕರೆಂಟು ಹೋಗಿ ಮಿಷನ್ನು ಮುನಿಸಿಕೊಂಡಾಗ ನನ್ನನ್ನು ಕರೆಯುತ್ತಾರೆ. ಉಳಿದಂತೆ ಬೇಕಾದಷ್ಟು ಬಿಡುವು. ಎಲ್ಲೋ ಕೂತ ಪುಣ್ಯಾತ್ಮರು ಪುಕ್ಕಟೆ ಬರೆದು ಬಿಡುವ ಹೊಸ ಸಾಫ್ಟ್‌ವೇರು ಹಾಕಿಕೊಂಡು, ಅದು ಎಲ್ಲಿ ಕೆಡುತ್ತದೆ ಅಂತ ಹುಡುಕಿ, ಅವರಿಗೆ ಬರೆದು ತಿಳಿಸುವುದು ನನ್ನ ಚಟ. ಊರವರ ತಪ್ಪು ಎತ್ತಿ ಆಡಿದರೆ ಬೈಸಿಕೊಳ್ಳಬೇಕು, ಇಲ್ಲಿ ಥ್ಯಾಂಕ್ಸ್ ಹೇಳುತ್ತಾರೆ.

ಹಾಗೆ ಸಿಕ್ಕಿದ್ದು, ಫೈಲುಗಳನ್ನೆಲ್ಲ ಅದುಮಿ ಒಂದೇ ಗಂಟು ಕಟ್ಟಿಡುವ ಸಾಫ್ಟ್‌ವೇರು. ಅದರ ಹೊಸ ಆವೃತ್ತಿಯಲ್ಲಿ ಹಾಡು, ಮಾತುಗಳ ಫೈಲನ್ನು ಇನ್ನಷ್ಟು ಸಣ್ಣಗೆ ಅದುಮುವ ವಿದ್ಯೆ ಸೇರಿಸಿದ್ದರು. ಇದು ಪ್ರಾಯೋಗಿಕ, ನೆಚ್ಚಿಕೊಳ್ಳಬೇಡಿ ಅಂತಲೂ ಬರೆದಿದ್ದರು. ಪರೀಕ್ಷೆಯ ನಿಯಮ ಒಂದೇ: ಒಳಗೆ ಹಾಕಿದ್ದು ಗಂಟು ಬಿಚ್ಚಿದಾಗ ಹಾಗೇ ಹೊರಗೆ ಬರಬೇಕು. ಒಂದು ಚೂರು ಹೆಚ್ಚಿಲ್ಲ, ಒಂದು ಚೂರು ಕಮ್ಮಿ ಇಲ್ಲ. ಅದುಮಲು ನನ್ನ ಹತ್ತಿರ ಒಳ್ಳೆ ಸರಕೂ ಇತ್ತು, ಭಾವನ ನಾಟಕದ ಹಾಡುಗಳು.

ಭಾವ ಅಂದರೆ ನಮ್ಮಕ್ಕನ ಗಂಡ. ಮದ್ದೂರು ಮಳವಳ್ಳಿ ನಡುವೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರು. ನಮ್ಮ ಕಡೆ ಊರೂರಿಗೂ ಪೌರಾಣಿಕ ನಾಟಕದ ಹುಚ್ಚು. ಹಾರ್ಮೋನಿಯಂ ಮೇಷ್ಟ್ರು ಬಂದು ಹಾಡು ಕಲಿಸುತ್ತಾರೆ, ಗದ್ದೆಗೆ ನೀರು ಕಟ್ಟುವವರೇ ಕಿರೀಟ ಇಟ್ಟುಕೊಂಡು ರಾಜರಾಗುತ್ತಾರೆ. ಭಾವ ಮಾತ್ರ ಹದಿನೈದು ವರ್ಷದಿಂದ ದ್ವಾರಪಾಲಕ. ಈಟಿ ಹಿಡಿದು ನಿಲ್ಲುವುದು, "ಮಹಾಪ್ರಭು, ದೂತನೊಬ್ಬನು ತಮ್ಮ ದರ್ಶನಕ್ಕಾಗಿ ಕಾದಿರುವನು" ಅನ್ನುವುದು, ಮತ್ತೆ ನಿಲ್ಲುವುದು. ಮೇಷ್ಟ್ರು ಮೊದಲ ವರ್ಷವೇ ತೀರ್ಪು ಕೊಟ್ಟುಬಿಟ್ಟಿದ್ದರು. "ನಿನ್ ಗಂಟ್ಲು ಏರಲ್ಲ, ನಿಂಗೆ ಕಿವೀನೂ ಇಲ್ಲ. ಈಟಿ ಇಡ್ಕಂಡ್ ನಿಂತ್ಕೊ."

ನನಗೆ ಈ ಸಾಫ್ಟ್‌ವೇರು ಸಿಕ್ಕ ವರ್ಷ ರಾಜನ ಪಾತ್ರದವರು ಮಂಡಿ ಆಪರೇಷನ್ ಮಾಡಿಸಿಕೊಂಡು ಮಲಗಿದರು. ಭಾವ ಮೇಷ್ಟ್ರ ಹಿಂದೆ ಬಿದ್ದರು. ಬಸ್ಸು ನಿಲ್ಲಿಸಿ ಅವರನ್ನು ಮುಂದಿನ ಸೀಟಲ್ಲೇ ಕೂರಿಸಿದರು, ಗೋಗರೆದರು, ಕಾಲು ಹಿಡಿಯುವುದೊಂದು ಬಾಕಿ. ಕೊನೆಗೆ ಮೇಷ್ಟ್ರು ಒಂದು ಷರತ್ತಿನ ಮೇಲೆ ಒಪ್ಪಿದರು. "ಕೊನೆ ತಾಲೀಮಲ್ಲಿ ನೋಡ್ತೀನಿ. ದನಿ ನಿಲ್ಲಲಿಲ್ವೊ, ಅಲ್ಲೇ ಕಿರೀಟ ಬಿಚ್ಚಿಸಿ ಅಲಗೂರಿಂದ ಬೇರೆಯೋರ್ನ ಕರೆಸ್ತೀನಿ. ಆಮೇಲೆ ಜೀವಮಾನದಲ್ಲಿ ನನ್ನತ್ರ ಪಾತ್ರ ಕೇಳ್ಕೂಡದು."

ಇನ್ನೊಂದು ತೊಡಕಿತ್ತು. ಮೇಷ್ಟ್ರು ನಾಲ್ಕೂರಿಗೆ ಕಲಿಸುವವರು. ಭಾವ ಡ್ಯೂಟಿ ಮುಗಿಸಿ ಊರು ಸೇರುವ ಹೊತ್ತಿಗೆ ಅವರು ಹಾರ್ಮೋನಿಯಂ ಪೆಟ್ಟಿಗೆ ಮುಚ್ಚಿಕೊಂಡು ಹೋಗಿರುತ್ತಿದ್ದರು. ಅದಕ್ಕೇ ಒಂದು ಭಾನುವಾರ ನಾನು ಲ್ಯಾಪ್‌ಟಾಪು, ಒಳ್ಳೆ ಮೈಕು ತಗೊಂಡು ಹೋಗಿ, ಮೇಷ್ಟ್ರು ಹಾರ್ಮೋನಿಯಂ ಹಿಡಿದು ಹಾಡಿದ್ದನ್ನೆಲ್ಲ ರೆಕಾರ್ಡು ಮಾಡಿಕೊಂಡೆ. ಭಾವ ಅದನ್ನು ಕೇಳಿ ಕೇಳಿ ಕಲಿಯಬೇಕು ಅಂತ ಮಾತಾಯಿತು.

ಲ್ಯಾಬಿಗೆ ಬಂದು ಆ ಹಾಡುಗಳನ್ನು ಹೊಸ ಸಾಫ್ಟ್‌ವೇರಿನಲ್ಲಿ ಅದುಮಿದೆ. ಅರ್ಧಕ್ಕೆ ಇಳಿಯಿತು, ಭಲೇ ಅಂದುಕೊಂಡೆ. ಬಿಚ್ಚಿದೆ. ಮೊದಲಿನ ಸೈಜೆಷ್ಟು, ಈಗಿನ ಸೈಜೆಷ್ಟು ನೋಡಿದೆ. ಎರಡೂ ಒಂದೇ. ಒಳಗಿನದನ್ನು ಅಕ್ಷರ ಅಕ್ಷರ ಹೋಲಿಸಿ ನೋಡಬೇಕಿತ್ತು, ಆದರೆ ಅದು ಸೋಮಾರಿಗಳ ಕೆಲಸವಲ್ಲ. ಪಾಸ್ ಅಂತ ಬರೆದು ಕಳಿಸಿದೆ. ಆಮೇಲೆ ನನ್ನ ತಲೆಗೊಂದು ಕಿಡಿಗೇಡಿತನ ಹೊಳೆಯಿತು: ಭಾವನ ಮೊಬೈಲಿಗೆ ಅಸಲಿ ಫೈಲು ಯಾಕೆ, ಬಿಚ್ಚಿದ ಫೈಲನ್ನೇ ಹಾಕಿದರೆ ಮನುಷ್ಯರ ಕಿವಿಯ ಪರೀಕ್ಷೆಯೂ ಆಗುತ್ತದಲ್ಲ, ಅದೂ ಅವರಿಗೇ ಗೊತ್ತಾಗದ ಹಾಗೆ! ಹಾಕಿಯೇ ಬಿಟ್ಟೆ.

ಮಾರನೇ ದಿನವೇ ಭಾವ ಫೋನು ಮಾಡಿದರು.

"ಲೇ ಬಾಮೈದ, ಮೇಷ್ಟ್ರು ದನಿ ಯಾಕ್ಲಾ ಇಂಗಾಗದೆ? ಒಸಿ ಇಲಿ ಕಿರುಗುಟ್ದಂಗೆ?"

"ಕಂಪ್ಯೂಟರೊಳಗೆ ಓಗ್ ಬಂದ್ರೆ ದನಿ ನುಣ್ಣಗಾಯ್ತದೆ ಬಾವ. ನೀವು ಸುಮ್ನೆ ಕಲೀರಿ."

ಎಷ್ಟು ಧೈರ್ಯವಾಗಿ ಹೇಳಿದೆ ಅಂದರೆ, ನನಗೇ ನಂಬಿಕೆ ಬಂದುಬಿಟ್ಟಿತು.

ಎರಡು ತಿಂಗಳು ಆ ಬಸ್ಸು ಹತ್ತಿದವರ ಪಾಡು ಕೇಳಬೇಡಿ. ಭಾವನ ಒಂದು ಕಿವಿಯಲ್ಲಿ ಇಯರ್‌ಫೋನು, ಬಾಯಲ್ಲಿ ಆಲಾಪ, ಟಿಕೇಟ್ ಅನ್ನುವುದೂ ರಾಗವಾಗಿಯೇ. ಒಬ್ಬಳು ಅಜ್ಜಿ ತಡೆಯಲಾರದೆ, "ಅದ್ಯಾಕಪ್ಪ ಅಂಗೆ ಅಳ್ತೀಯ, ಟಿಕೇಟ್ ಅರ್ದು ಕೊಟ್ಟು ಆಮೇಲ್ ಅಳು" ಅಂದಳಂತೆ. ನಮ್ಮಕ್ಕನಂತೂ ನನ್ನ ಜನ್ಮ ಜಾಲಾಡಿದಳು. "ಆ ಆಡ್ನ ತಕ್ಕೊಂಡ್ ಓಗಿ ಸಿಂಸಾ ಒಳೆಗೆ ಬಿಸಾಕ್ಲಾ. ನಿಮ್ ಬಾವ ಬಚ್ಚಲಲ್ಲಿ ಕಿರುಚ್ಕೊಂಡ್ರೆ ಎಮ್ಮೆ ಸೊರ ಬುಡ್ತಿಲ್ಲ, ಒಂದ್ ತೊಟ್ಟು ಆಲಿಲ್ಲ!" ಮೊದಮೊದಲು ಗಂಟಲು ಒಡೆದು ಹೋಗುತ್ತಿತ್ತಂತೆ. ಭಾವ ಮೊಸರು ಬಿಟ್ಟರು, ಮೆಣಸಿನ ಕಷಾಯ ಹಿಡಿದರು. ಇಷ್ಟು ಮೇಲೆ ನನ್ನ ಕೈಲಾಗಲ್ಲ ಅಂತ ಒಂದು ದಿನವೂ ಅನ್ನಲಿಲ್ಲ. "ಮೇಷ್ಟ್ರು ಎಲ್ಲಿ ನಿಲ್ಸವ್ರೊ ನಾನೂ ಅಲ್ಲೇ ನಿಲ್ಬೇಕು" ಅನ್ನುವುದೊಂದೇ ಮಾತು.

ಕೊನೆ ತಾಲೀಮು ಒಂದು ಭಾನುವಾರ ಮಧ್ಯಾಹ್ನ, ಊರ ಶಾಲೆಯ ಜಗಲಿಯಲ್ಲಿ. ನಾನೂ ಲ್ಯಾಪ್‌ಟಾಪಿನ ಚೀಲ ಹೆಗಲಿಗೇರಿಸಿಕೊಂಡು ನೋಡಲು ಹೋಗಿದ್ದೆ. ಬೆಡ್‌ಶೀಟೊಂದನ್ನು ಪರದೆ ಕಟ್ಟಿದ್ದರು. ರಾಜ ಪರದೆಯ ಹಿಂದಿನಿಂದ ತಾನೇ ಹಾಡು ಎತ್ತಿಕೊಂಡು ಬರಬೇಕು, ಹಾರ್ಮೋನಿಯಂ ಆಮೇಲೆ ಸೇರಿಕೊಳ್ಳುತ್ತದೆ. ಭಾವ ಕಿರೀಟ ಇಟ್ಟುಕೊಂಡು, ಮೊಬೈಲಿನ ಹಾಡನ್ನು ಕೊನೆಯ ಸಲ ಕಿವಿಗೆ ಹಿಡಿದು ಕೇಳಿ, ಎತ್ತಿಕೊಂಡರು.

ದನಿ ಒಡೆಯಲಿಲ್ಲ. ಜಗಲಿ ತುಂಬ ಹರಡಿತು. ಆದರೆ ಮೇಷ್ಟ್ರ ಮುಖ ಹುಳ್ಳಗಾಯಿತು. ಅವರು ಕಲಿಸಿದ್ದು ಬಿಳಿ ಒಂದರ ಶ್ರುತಿ, ಅಂದರೆ ಪೆಟ್ಟಿಗೆಯ ಮೊದಲ ಬಿಳಿ ಪಟ್ಟಿ. ಅದು ಸೇರಲಿಲ್ಲ. ಬೆರಳು ಮೇಲಕ್ಕೆ ಸರಿಸಿ ಕಪ್ಪು ಒಂದು ಒತ್ತಿದರು, ಸೇರಲಿಲ್ಲ. ಅದರ ಪಕ್ಕದ ಬಿಳಿ ಎರಡು ಒತ್ತಿದರು, ಅದೂ ಇಲ್ಲ. ಭಾವ ಕಣ್ಣು ಮುಚ್ಚಿಕೊಂಡು ಹಾಡುತ್ತಲೇ ಇದ್ದರು. ಮೇಷ್ಟ್ರು ಪೆಟ್ಟಿಗೆಯನ್ನು ಫಟಾರನೆ ಮುಚ್ಚಿದರು.

"ನಿಲ್ಸಯ್ಯ! ಕಪ್ಪಿಗೂ ಬಿಳಿಗೂ ನಡುವೆ ಸಂದೀಲಿ ನುಗ್ಗವ್ನೆ! ಈ ಶ್ರುತಿ ನನ್ ಪೆಟ್ಟಿಗೇಲೇ ಇಲ್ಲ! ಕಿವಿ ಇಲ್ಲ ಅಂತ ಆವತ್ತೇ ಬಡ್ಕಂಡೆ. ಬಿಚ್ಚು ಕಿರೀಟ."

"ತಾವು ಏಳ್ಕೊಟ್ಟಂಗೇ ಎತ್ಕೊಂಡೆ ಮೇಷ್ಟ್ರೇ" ಅಂದರು ಭಾವ. ಬಸ್ಸು ತುಂಬ ಕೂಗುವ ಮನುಷ್ಯ, ಪಕ್ಕದವರಿಗೂ ಕೇಳದ ಹಾಗೆ ಅಂದರು.

ಇಲಿ ಕಿರುಗುಟ್ಟಿದಂಗೆ ಅಂತ ಭಾವ ಫೋನಲ್ಲಿ ಅಂದಿದ್ದು ಆಗ ನನಗೆ ನೆನಪಾಯಿತು. ನಿಜ ಹೇಳುತ್ತೇನೆ, ಮೊದಲು ಹೊಳೆದದ್ದು ಮಳವಳ್ಳಿ ಬಸ್ಸು ಹಿಡಿದು ಪರಾರಿಯಾಗುವ ಯೋಚನೆ. ಚಪ್ಪಲಿಯನ್ನೂ ಮೆಟ್ಟಿದ್ದೆ. ತಿರುಗಿ ನೋಡಿದರೆ ಭಾವ ಕಿರೀಟವನ್ನು ತೊಡೆ ಮೇಲಿಟ್ಟುಕೊಂಡು, ಕಿತ್ತುಬಂದಿದ್ದ ಅದರ ಚಿನ್ನದ ಕಾಗದವನ್ನು ಹೆಬ್ಬೆರಳಲ್ಲಿ ಒತ್ತಿ ಒತ್ತಿ ಅಂಟಿಸುತ್ತಿದ್ದರು. ನನಗೆ ನಾಚಿಕೆಯಿಂದ ಸತ್ತೇ ಹೋಗಬೇಕು ಅನ್ನಿಸಿತು.

"ತಪ್ಪು ನಂದು ಮೇಷ್ಟ್ರೇ" ಅಂದೆ.

ಲ್ಯಾಪ್‌ಟಾಪು ತೆಗೆದು ಅಸಲಿ ಹಾಡು ಹಾಕಿದೆ, ಆಮೇಲೆ ಬಿಚ್ಚಿದ್ದನ್ನು ಹಾಕಿದೆ. ನನ್ನ ಕತ್ತೆ ಕಿವಿಗೂ ಗೊತ್ತಾಯಿತು. ಫೈಲಿನೊಳಗೆ ಹಾಡು ಸಣ್ಣ ಸಣ್ಣ ಚೂರುಗಳಾಗಿ ಇರುತ್ತದೆ. ಸೆಕೆಂಡಿಗೆ ಎಷ್ಟು ಚೂರು ಓಡಿಸಬೇಕು ಅಂತ ಮೇಲುಗಡೆ ಬರೆದಿರುತ್ತದೆ. ಈ ದರಿದ್ರ ಸಾಫ್ಟ್‌ವೇರು ಬಿಚ್ಚುವಾಗ ಆ ಲೆಕ್ಕವನ್ನು ಜಾಸ್ತಿ ಬರೆದುಬಿಟ್ಟಿತ್ತು. ಚೂರುಗಳು ಕಳೆದಿರಲಿಲ್ಲ, ಅದಕ್ಕೇ ಸೈಜು ಸರಿಯಾಗಿತ್ತು. ಹಾಡು ಮಾತ್ರ ಬಿರುಸಾಗಿ ಓಡಿ ಶ್ರುತಿ ಮೇಲಕ್ಕೇರಿತ್ತು.

ಮೇಷ್ಟ್ರು ನನಗೆ ಹೊಡೆಯುತ್ತಾರೆ ಅಂದುಕೊಂಡೆ. ಅವರು ನನ್ನ ಕಡೆ ನೋಡಲೇ ಇಲ್ಲ. ಕೆಟ್ಟ ಫೈಲನ್ನು ಇನ್ನೊಂದು ಸಲ ಹಾಕಿಸಿದರು. ನಿಲ್ಲಿಸಿ, ಭಾವನಿಗೆ ಹಾಡು ಅಂದರು. ಮತ್ತೆ ಫೈಲು, ಮತ್ತೆ ಭಾವ. ಮೂರನೇ ಸಲಕ್ಕೆ ತಬಲದವರೂ ಬಾಯಿ ಬಿಟ್ಟುಕೊಂಡು ಕೂತರು. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು.

"ಕೂದಲೆಳೆ ಅತ್ತಿತ್ತ ಓಗಿಲ್ಲ ಕಣ್ರಯ್ಯ. ಪೆಟ್ಟಿಗೇಲೇ ಇಲ್ದಿರೋ ಶ್ರುತೀನ ಎರಡ್ ತಿಂಗ್ಳು ಕಿವೀಲಿ ಇಟ್ಕಂಡವ್ನೆ. ಇವನ್ಗೆ ಕಿವಿ ಇಲ್ಲ ಅಂತ ಅದಿನೈದು ವರ್ಸ ನಾನೇ ಏಳ್ಕಂಡ್ ಬಂದಿವ್ನಿ."

ಕಿರೀಟದ ಮೇಲಿದ್ದ ಭಾವನ ಹೆಬ್ಬೆರಳು ನಿಂತುಬಿಟ್ಟಿತ್ತು.

"ಇಟ್ಕೊ ಅದ್ನ ತಲೆ ಮೇಲೆ" ಅಂತ ಮೇಷ್ಟ್ರು ಗದರಿದರು. "ಇಷ್ಟೇರಿದ ಮೇಲೆ ಬಿಳಿ ಎರಡಕ್ಕೆ ಇನ್ನೊಂಚೂರು ತಾನೆ? ಏರು." ಭಾವ ಏರಿದರು. ಆಮೇಲೆ ಮೇಷ್ಟ್ರು ನನ್ನ ಕಡೆ ತಿರುಗಿದರು. "ಆ ಈಟಿ ಇವನ್ ಕೈಗೆ ಕೊಡ್ರಿ. ಬಾಗ್ಲಲ್ಲಿ ನಿಲ್ಲೋಕೆ ಕಿವಿ ಬೇಕಾಗಿಲ್ಲ."

ಮಾರನೇ ದಿನ ಸಾಫ್ಟ್‌ವೇರು ಬರೆದವನಿಗೆ, ನಾನು ಪಾಸ್ ಮಾಡಿದ್ದು ಸುಳ್ಳು, ಇಂಥಲ್ಲಿ ತಪ್ಪಿದೆ ಅಂತ ಬರೆದೆ. ಸರಿಪಡಿಸಿದ್ದೇನೆ, ನಮ್ಮ ಯಾರ ಕಣ್ಣಿಗೂ ಬೀಳದ್ದು ನಿಮಗೆ ಹೇಗೆ ಸಿಕ್ಕಿತು ಅಂತ ಕೇಳಿದ. ಭಾವ ಹಾಡಿದರು ಅಂತ ಬರೆದೆ. ಅವನಿಗೇನು ಅರ್ಥವಾಯಿತೋ.

ನಾಟಕ ಮಂಡ್ಯದ ರಂಗಮಂದಿರದಲ್ಲಿ, ಬೆಳಿಗ್ಗೆ ಹತ್ತಕ್ಕೆ. ದ್ವಾರಪಾಲಕನಾಗಿ ನಿಂತಿದ್ದ ನನ್ನ ಮೂಗಿಗೆ ಅಂಟು ಮೀಸೆ ಕಚಗುಳಿ ಇಡುತ್ತಿತ್ತು. ಪರದೆಯ ಹಿಂದಿನಿಂದ ಭಾವ ಎತ್ತಿಕೊಂಡರು, ಬಿಳಿ ಎರಡಕ್ಕೇ. ಪೆಟ್ಟಿಗೆ ಬಂದು ಕೂಡಿಕೊಂಡಿತು, ಶಿಳ್ಳೆ ಬಿದ್ದವು. ಅಕ್ಕ ಮೂರನೇ ಸಾಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ನನಗೆ ಸಂಗೀತ ಗೊತ್ತಿಲ್ಲ ಅಂದೆನಲ್ಲ, ಆದರೂ ಈಟಿ ಹಿಡಿದ ಕೈಯ ರೋಮವೆಲ್ಲ ಎದ್ದು ನಿಂತಿತು.

ಭಾವ ಸಿಂಹಾಸನದಲ್ಲಿ ಕೂತರು. ನನ್ನ ಮಾತು ಬಂತು. ಒಂದೇ ಒಂದು ಮಾತು. ಮಹಾಪ್ರಭು ಅಂದೆ, ಮುಂದಿನದು ಹಾರಿಹೋಯಿತು. ಪೆಟ್ಟಿಗೆಯ ಮುಂದಿನಿಂದ ಮೇಷ್ಟ್ರು ನುಂಗುವ ಹಾಗೆ ನೋಡಿದರು.

ರಾಜರು ಮೀಸೆಯ ಮೇಲೆ ಕೈ ಇಟ್ಟರು. ಆ ಕೈಯ ಮರೆಯಿಂದ ಮೆಲ್ಲಗೆ ದನಿ ಬಂತು: "ದೂತನೊಬ್ಬನು ತಮ್ಮ ದರ್ಶನಕ್ಕಾಗಿ ಕಾದಿರುವನು. ಅನ್ನಲಾ!"

ಮೈಕು ಅದನ್ನೂ ಬಿಡಲಿಲ್ಲ, ರಂಗಮಂದಿರಕ್ಕೆ ರಂಗಮಂದಿರವೇ ನಕ್ಕಿತು. ಹದಿನೈದು ವರ್ಷ ಭಾವನೊಳಗೆ ಅದುಮಿಕೊಂಡಿದ್ದ ಮಾತು, ಒಂದು ಚೂರು ಹೆಚ್ಚಿಲ್ಲ, ಒಂದು ಚೂರು ಕಮ್ಮಿ ಇಲ್ಲ, ಹಾಗೇ ಹೊರಗೆ ಬಂದಿತ್ತು.