ಗೇಟಿನ ಬೆಳ್ಳಿ ಬಣ್ಣ, ಅಕ್ಕನ ಶೂ

ಅಕ್ಕನ ಎಡಗಾಲು ಬಲಗಾಲಿಗಿಂತ ಒಂದು ಬೆರಳಷ್ಟು ಗಿಡ್ಡ. ನಾಯಂಡಹಳ್ಳಿಯಲ್ಲಿ ಒಬ್ಬರು ಎಡಗಡೆಯ ಅಟ್ಟೆ ಎತ್ತರಿಸಿ ಹೊಲಿದುಕೊಟ್ಟಿದ್ದ ಕಪ್ಪು ಚರ್ಮದ ಶೂ ಹಾಕಿಕೊಂಡರೆ ಅವಳು ಕುಂಟುವುದು ಕಾಣುತ್ತಿರಲಿಲ್ಲ. ಭಾವನಾಗುವವರಿಗೆ ವಿಷಯ ಗೊತ್ತಿತ್ತು. ಅವರ ನೆಂಟರಿಗೆಲ್ಲ ಆರತಕ್ಷತೆಯ ದಿನವೇ ಗೊತ್ತಾಗುವುದು ಬೇಡ ಎಂಬುದು ಅಕ್ಕನ ಹಠ. ಬೆಳ್ಳಿ ಜರಿಯಂಚಿನ ಸೀರೆಯ ಕೆಳಗೆ ಆ ಕರಿ ಶೂ ಇಣುಕಿದರೆ ಎಲ್ಲರ ಕಣ್ಣೂ ಅಲ್ಲಿಗೇ. ಹೊಸದು ಹೊಲಿಸಲು ಸಮಯವಿರಲಿಲ್ಲ. "ಬೆಳ್ಳಿ ಬಣ್ಣ ಹಚ್ಚಿಬಿಡೋ" ಎಂದಳು.

ಗೋವಿಂದರಾಜನಗರದ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಸಿಲ್ವರ್ ಪೇಂಟ್ ಕೇಳಿದೆ.

"ಗೇಟಿಗಾ, ಗ್ರಿಲ್ಲಿಗಾ?"

"ಶೂಗೆ ಸಾರ್. ಚರ್ಮಕ್ಕೆ ಹಿಡಿಯುತ್ತಾ?"

"ಕಬ್ಬಿಣಕ್ಕೇ ಹಿಡಿಯುತ್ತೆ ಗುರು, ಚರ್ಮಕ್ಕೆ ಹಿಡಿಯಲ್ವಾ?"

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಯಾರಾದರೂ ಹೀಗೆ ವಾದಿಸಿದ್ದರೆ ಅರ್ಧ ನಿಮಿಷದಲ್ಲಿ ಮಣ್ಣು ಮುಕ್ಕಿಸುತ್ತಿದ್ದೆ. ಗೇಟು ಹೆಜ್ಜೆ ಹಾಕುವುದಿಲ್ಲ, ಬೆರಳ ಬುಡದಲ್ಲಿ ಮಡಚಿಕೊಳ್ಳುವುದಿಲ್ಲ. ಆದರೆ ಅವತ್ತು ನನಗೆ ಬೇಕಿದ್ದದ್ದೂ ಅದೇ ಉತ್ತರ. ಡಬ್ಬಿ ತಂದೆ.

ಶೂ ಒಳಗೆ ತರಕೂಡದು ಎಂದು ಅಮ್ಮ ಬಾಗಿಲಿಗೆ ಅಡ್ಡ ನಿಂತರು. ಹೊರಗೆ ಹಚ್ಚಿದರೆ ಹಸಿ ಬಣ್ಣಕ್ಕೆ ಬೀದಿಯ ಧೂಳು ಕೂರುತ್ತದೆ ಎಂದೆ. ಕೇಳಲಿಲ್ಲ.

"ಅಪ್ಪನ ಮೃದಂಗಾನೂ ಚರ್ಮದ್ದೇ. ಅದು ದೇವರ ಮನೇಲೇ ಇದೆಯಲ್ಲಮ್ಮ?"

"ಮೃದಂಗ ಕಾಲಿಗೆ ಹಾಕ್ಕೊಂಡು ಬಸ್‌ಸ್ಟಾಪಿಗೆ ಹೋಗ್ತೀಯೇನೋ?"

ಗೇಟಿನ ಪಕ್ಕದ ಮೆಟ್ಟಿಲ ಮೇಲೆ ಕೂತು ಎರಡು ಸಲ ಬಳಿದೆ. ಒಣಗಿದ ಮೇಲೆ ಮುಟ್ಟಿದರೆ ಮರಳು ಕಾಗದದ ಹಾಗೆ ತರಿತರಿ. ಆದರೂ ದೂರದಿಂದ ಬೆಳ್ಳಿಯೇ. ಆರತಕ್ಷತೆಯ ಹಿಂದಿನ ದಿನ ಬೆಳಿಗ್ಗೆ ಅಕ್ಕ ಅದನ್ನು ಹಾಕಿಕೊಂಡು ಅಂಗಳದಲ್ಲಿ ಹತ್ತು ಹೆಜ್ಜೆ ನಡೆದಳು. ಮಡಚುವ ಕಡೆಯಲ್ಲೆಲ್ಲ ಬಣ್ಣ ಬಿರಿದು, ಹಕ್ಕಳೆ ಹಕ್ಕಳೆಯಾಗಿ ನೆಲಕ್ಕೆ ಬಿತ್ತು. ಕೆಳಗಿನ ಚರ್ಮ ಮುಟ್ಟಿದೆ. ಬೆರಳು ಜಿಡ್ಡಾಯಿತು.

"ಹರಳೆಣ್ಣೆ ತಿಕ್ಕಿದ್ದೆ ಕಣೋ" ಎಂದರು ಅಪ್ಪ. "ಮೂರು ಗಂಟೆ ನಿಲ್ಬೇಕಲ್ಲ ಮಗು, ಮೆತ್ತಗಿರ್ಲಿ ಅಂತ."

"ಯಾವಾಗಪ್ಪ?"

"ನೀನು ಪೇಂಟ್ ತರೋಕೆ ಹೋಗಿದ್ಯಲ್ಲ, ಆಗ."

ಅವರ ಮೇಲೆ ಕೂಗಾಡುವುದಾದರೂ ಹೇಗೆ? ಎಲ್ಲರ ಹತ್ತಿರ ವಾದ ಮಾಡಿದ ನಾನು ಶೂ ಮೇಲೆ ಒಮ್ಮೆ ಬೆರಳಾಡಿಸಿ ನೋಡಿರಲಿಲ್ಲ. ಟರ್ಪೆಂಟೈನ್ ಹಾಕಿ ಉಜ್ಜಿದರೆ ಬೆಳ್ಳಿಯ ಜೊತೆ ಕಪ್ಪೂ ಎದ್ದು ಬಂತು. ಹಲ್ಲು ಕಚ್ಚಿಕೊಂಡು ಮತ್ತೆ ಬಳಿದೆ.

"ನಡೆದ್ರೆ ಉದುರುತ್ತೆ. ನಿಂತಿದ್ರೆ?" ಅಕ್ಕ ಕೇಳಿದಳು.

"ನಿಂತಿದ್ರೆ ಉದುರಲ್ಲ."

"ಸರಿ, ನಿಂತಿರ್ತೀನಿ ಬಿಡು."

ಹೊಸಹಳ್ಳಿಯ ಛತ್ರದಲ್ಲಿ ಜನ ಸೇರುವ ಮೊದಲೇ ಅವಳನ್ನು ವೇದಿಕೆಗೆ ಹತ್ತಿಸಿದೆವು. ಮೂರು ಗಂಟೆ ಅವಳು ನಿಂತಲ್ಲಿಂದ ಕದಲಲಿಲ್ಲ. ಹಿರಿಯರು ಬಂದಾಗಲೂ ಮುಂದೆ ಬಂದು ಕಾಲಿಗೆ ಬೀಳಲಿಲ್ಲ. ಬಿದ್ದರೆ ಶೂ ಬಿಚ್ಚಬೇಕು. ಇದ್ದಲ್ಲೇ ಕೈಮುಗಿದು ನಕ್ಕಳು.

ನನ್ನ ಮುಂದಿನ ಸಾಲಿನಲ್ಲಿ ಗಂಡಿನ ಕಡೆಯ ಹೆಂಗಸೊಬ್ಬರು ಪಕ್ಕದವರಿಗೆ, "ದೊಡ್ಡೋರು ಬಂದ್ರೂ ಒಂದು ಹೆಜ್ಜೆ ಮುಂದೆ ಬರಲ್ವಲ್ರೀ! ಎಷ್ಟು ಜಂಬ ನೋಡಿ ಹುಡುಗಿಗೆ" ಎಂದರು.

ಎದ್ದು ನಿಂತೆ. ಉತ್ತರ ನಾಲಿಗೆಯ ತುದಿಯಲ್ಲಿತ್ತು. ನನ್ನನ್ನು ಬಲ್ಲ ಅಕ್ಕ ವೇದಿಕೆಯಿಂದಲೇ ಬೇಡವೆಂದು ತಲೆಯಾಡಿಸಿದಳು. ಕೂತೆ.

ಊಟದ ಪಂಕ್ತಿಯಲ್ಲಿ ಅದೇ ಹೆಂಗಸಿಗೆ ನಾನೇ ಹೋಳಿಗೆ ಬಡಿಸಬೇಕಾಯಿತು. ತುಪ್ಪ ಸಾಲದು ಎಂದರು. ಹಾಕಿದೆ.